ನಾರಿಗೆ ಅಂಟಿದ ನಶೆಯ ಕಳಂಕ

ಎಲ್ಲೋರ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣ ಎಂಟನೆಯ ಶತಮಾನದಲ್ಲಿ ಬಂಡೆಯನ್ನೇ ಕೊರೆಸಿ ಮಾಡಿಸಿದ ಕೈಲಾಸ ದೇವಾಲಯ. ಅಲ್ಲಿಗೆ ಹೋದವರು ಶಿಲ್ಪಗಳನ್ನು ಕಂಡು ಬೆರಗಾಗುತ್ತಾರೆ. ಗುಹೆಗಳ ಒಳಗೋಡೆಗೆ ಮೆತ್ತಿರುವ ಮಣ್ಣಿನ ಗಾರೆಯ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಆದರೆ ಇಬ್ಬರು ವಿಜ್ಞಾನಿಗಳು ಗಮನಿಸಿದ್ದು ಆ ಗಾರೆಯನ್ನೇ. ಪುರಾತತ್ತ್ವ ಇಲಾಖೆಯ ಮಾಜಿ ರಸಾಯನ ತಜ್ಞ ರಾಜದೇವ್ ಸಿಂಗ್ ಮತ್ತು ಔರಂಗಾಬಾದಿನ ಮರಾಠವಾಡ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಎಂ. ಎಂ. ಸರ್ದೇಸಾಯಿ ಆ ಗಾರೆಯ ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಜೇಡಿಮಣ್ಣು, ಸುಣ್ಣಗಳ ಜೊತೆ ಅಲ್ಲಿ ಕಂಡುಬಂದದ್ದು ಭಂಗಿ ಗಿಡದ ನಾರು ಮತ್ತು ಚೂರುಗಳು. 2016ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅವರು ಈ ಸಂಶೋಧನೆಯನ್ನು ಪ್ರಕಟಿಸಿದರು.

ಸಾವಿರ ವರ್ಷಕ್ಕೂ ಮಿಗಿಲಾಗಿ ಆ ಗಾರೆ ಉದುರದೆ ಉಳಿದಿರುವುದಕ್ಕೆ, ಹುಳು ಹುಪ್ಪಟೆ ಅದನ್ನು ತಿನ್ನದಿರುವುದಕ್ಕೆ ಈ ಗಿಡವೇ ಕಾರಣವಿರಬೇಕು ಎಂಬುದು ಅವರ ವಾದ. ಹತ್ತಿರದ ಅಜಂತಾದ ಗಾರೆಯಲ್ಲಿ ಭಂಗಿ ಗಿಡದ ಅಂಶವಿಲ್ಲ. ಅಲ್ಲಿನ ವರ್ಣಚಿತ್ರಗಳಿಗೆ ಹುಳುಗಳ ಕಾಟ ವಿಪರೀತ. ಅಂದಿನ ಕುಶಲಕರ್ಮಿಗಳಿಗೆ ಆ ಗಿಡದ ಗುಣ ಚೆನ್ನಾಗಿ ತಿಳಿದಿತ್ತೆಂದು ಇದರಿಂದ ಊಹಿಸಬಹುದು.

ಇಂದು ಅದೇ ಗಿಡ ಹಿತ್ತಿಲಲ್ಲಿ ಕಂಡರೆ ಪೊಲೀಸರು ಬರುತ್ತಾರೆ. ಗಾಂಜಾ, ಚರಸ್‌ಗಳ ಮೂಲವೆಂದು ಕುಖ್ಯಾತವಾದ ಈ ಗಿಡವೇ ಜಗತ್ತಿನ ಅತಿ ಹಳೆಯ ನಾರಿನ ಬೆಳೆಗಳಲ್ಲೊಂದು ಎಂಬ ಸಂಗತಿ ಬಹುತೇಕ ಮರೆತೇಹೋಗಿದೆ. ಈಗ ಪರಿಸರದ ಚಿಂತೆ ಹೆಚ್ಚಿರುವ ಕಾಲದಲ್ಲಿ 'ಹೆಂಪ್' ಎಂಬ ಹೆಸರಿನಲ್ಲಿ ಅದು ಮತ್ತೆ ಸುದ್ದಿಯಲ್ಲಿದೆ. ಬಟ್ಟೆ, ಕಾಗದ, ಎಣ್ಣೆ, ಮನೆಯ ಗೋಡೆ ಎಲ್ಲಕ್ಕೂ ಇದು ಒದಗುತ್ತದೆ ಎಂದು ಬೆಂಬಲಿಗರು ಹೇಳುತ್ತಾರೆ. ಇದರಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು? ನಿಜವಿರುವುದಾದರೆ ಅದರ ಲಾಭ ಯಾರಿಗೆ ಸಿಗಬೇಕು?

ಒಂದೇ ಜಾತಿ, ಎರಡು ಗುಣ

ಮೊದಲು ಹೆಸರಿನ ಗೊಂದಲ ಬಗೆಹರಿಯಬೇಕು. ಇಂಗ್ಲಿಷಿನವರು ಕಂಡ ಕಂಡ ನಾರಿನ ಗಿಡಕ್ಕೆಲ್ಲ ಹೆಂಪ್ ಎಂದು ಕರೆದುಬಿಟ್ಟರು. ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆಂದು ಬಿತ್ತುವ ಅಪ್ಸೆಣಬು ಅವರ ಬಾಯಲ್ಲಿ 'ಸನ್ ಹೆಂಪ್'. ಉತ್ತರ ಕರ್ನಾಟಕದಲ್ಲಿ ಪಲ್ಯಕ್ಕೂ ನಾರಿಗೂ ಬಳಕೆಯಾಗುವ ಪುಂಡಿ 'ಡೆಕ್ಕನ್ ಹೆಂಪ್'. ಫಿಲಿಪ್ಪೀನ್ಸ್‌ನಲ್ಲಿ ಬಾಳೆಯ ಜಾತಿಯ ಗಿಡದಿಂದ ತೆಗೆಯುವ ನಾರು 'ಮನಿಲಾ ಹೆಂಪ್'. ಇವುಗಳಲ್ಲಿ ಯಾವುದಕ್ಕೂ ಭಂಗಿ ಗಿಡಕ್ಕೂ ಸಂಬಂಧವಿಲ್ಲ. ನಿಜವಾದ ಹೆಂಪ್ ಎಂದರೆ ಸಸ್ಯಶಾಸ್ತ್ರಜ್ಞರು 'ಕ್ಯಾನಬಿಸ್ ಸಟೈವಾ' ಎಂದು ಕರೆಯುವ ಗಿಡ. ಗಾಂಜಾ ಬರುವುದೂ ಅದರಿಂದಲೇ.

ಹಾಗಾದರೆ ವ್ಯತ್ಯಾಸವೇನು? ಅಡುಗೆಮನೆಯ ಉದಾಹರಣೆಯೇ ಇದಕ್ಕೆ ಸಾಕು. ದೊಣ್ಣೆ ಮೆಣಸಿನಕಾಯಿ, ಬ್ಯಾಡಗಿ ಮೆಣಸಿನಕಾಯಿ, ಕಣ್ಣಲ್ಲಿ ನೀರು ತರಿಸುವ ಗುಂಟೂರು ಮೆಣಸಿನಕಾಯಿ ಮೂರೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಜಾತಿಯವು. ಖಾರ ಕೊಡುವ ರಾಸಾಯನಿಕ ಒಂದರಲ್ಲಿ ಇಲ್ಲವೇ ಇಲ್ಲ, ಇನ್ನೊಂದರಲ್ಲಿ ತುಂಬಿ ತುಳುಕುತ್ತದೆ. ಭಂಗಿ ಗಿಡದ ಕಥೆಯೂ ಹೀಗೆಯೇ. ನಶೆ ಏರಿಸುವ ವಸ್ತುವಿಗೆ ಟಿಎಚ್‌ಸಿ ಎಂದು ಹೆಸರು. ಹೆಣ್ಣು ಗಿಡದ ಹೂಗೊಂಚಲಿನಲ್ಲಿ ಒಸರುವ ಅಂಟಿನಲ್ಲಿ ಅದು ಹೆಚ್ಚಾಗಿರುತ್ತದೆ. ಗಾಂಜಾ ತಳಿಗಳ ಹೂವಿನಲ್ಲಿ ಅದರ ಪ್ರಮಾಣ ಶೇಕಡ 5, 10, ಕೆಲವೊಮ್ಮೆ 20ನ್ನೂ ಮೀರಬಹುದು. ಇಂದಿನ ನಾರಿನ ತಳಿಗಳಲ್ಲಿ ಅದು ಶೇಕಡ 0.3ಕ್ಕಿಂತ ಕಡಿಮೆ. ಅವುಗಳ ಸೊಪ್ಪು ಸೇದಿದರೆ ತಲೆನೋವು ಬಂದೀತೇ ಹೊರತು ನಶೆ ಏರದು.

ಬೆಳೆಯುವ ಕ್ರಮದಲ್ಲೂ ವ್ಯತ್ಯಾಸವಿದೆ. ಗಾಂಜಾ ಬೆಳೆಯುವವರು ಗಿಡದಿಂದ ಗಿಡಕ್ಕೆ ಅಂತರ ಬಿಟ್ಟು, ಗಂಡು ಗಿಡಗಳನ್ನು ಕಿತ್ತುಹಾಕಿ, ಹೆಣ್ಣು ಗಿಡ ಪೊದೆಯಾಗಿ ಕವಲೊಡೆದು ಹೂಬಿಡುವಂತೆ ನೋಡಿಕೊಳ್ಳುತ್ತಾರೆ. ನಾರಿಗಾಗಿ ಬೆಳೆಯುವವರಿಗೆ ಬೇಕಾದದ್ದು ಕವಲಿಲ್ಲದ ಉದ್ದನೆಯ ಕಾಂಡ. ಅವರು ಒತ್ತೊತ್ತಾಗಿ ಬಿತ್ತುತ್ತಾರೆ. ಗಿಡಗಳು ಬೆಳಕಿಗಾಗಿ ಪೈಪೋಟಿ ನಡೆಸುತ್ತ ಆಳೆತ್ತರವನ್ನೂ ಮೀರಿ ನೆಟ್ಟಗೆ ಬೆಳೆಯುತ್ತವೆ.

ಹಡಗಿನ ಹಗ್ಗದಿಂದ ಕಾಗದದವರೆಗೆ

ಚೀನಾದಲ್ಲಿ ಸಿಕ್ಕಿರುವ ಅತ್ಯಂತ ಪ್ರಾಚೀನ ಕಾಗದದ ತುಣುಕುಗಳಲ್ಲಿ ಇರುವುದು ಹೆಂಪ್ ನಾರು. ಕ್ರಿ.ಶ. 105ರಲ್ಲಿ ಕಾಯ್ ಲುನ್ ಎಂಬ ಅರಮನೆಯ ಅಧಿಕಾರಿ ಚೀನಾದ ಚಕ್ರವರ್ತಿಗೆ ಕಾಗದ ಮಾಡುವ ವಿಧಾನವನ್ನು ಅರಿಕೆ ಮಾಡಿದಾಗಲೂ ಅವನು ಹೇಳಿದ ಕಚ್ಚಾವಸ್ತುಗಳಲ್ಲಿ ಮರದ ತೊಗಟೆ, ಹಳೆಯ ಬಟ್ಟೆ, ಮೀನಿನ ಬಲೆಗಳ ಜೊತೆ ಹೆಂಪ್ ಸಹ ಇತ್ತು. ಚಿತ್ರಕಾರರು ಬಳಸುವ 'ಕ್ಯಾನ್ವಾಸ್' ಎಂಬ ಪದವೇ 'ಕ್ಯಾನಬಿಸ್' ಎಂಬುದರಿಂದ ಬಂದದ್ದು.

ಹಾಯಿಹಡಗುಗಳ ಕಾಲದಲ್ಲಿ ಇದು ಇಂದಿನ ಪೆಟ್ರೋಲಿನಷ್ಟೇ ಮುಖ್ಯವಾಗಿತ್ತು. 1805ರ ಟ್ರಫಾಲ್ಗರ್ ಕಾಳಗದಲ್ಲಿ ನೆಲ್ಸನ್ ಇದ್ದ 'ವಿಕ್ಟರಿ' ಹಡಗಿನ ಹಗ್ಗಗಳನ್ನು ಒಂದಕ್ಕೊಂದು ಜೋಡಿಸಿದರೆ ಸುಮಾರು 42 ಕಿಲೋಮೀಟರ್ ಉದ್ದವಾಗುತ್ತಿತ್ತು. ಸಮುದ್ರದ ಉಪ್ಪುನೀರಿಗೆ ತಡೆದುಕೊಳ್ಳುವ ಹೆಂಪ್ ಹಗ್ಗವಿಲ್ಲದೆ ನೌಕಾಪಡೆಯೇ ಇರಲಿಲ್ಲ. ಆದ್ದರಿಂದಲೇ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ 1533ರಲ್ಲಿ ಒಂದು ಕಾಯಿದೆ ಮಾಡಿದ. ಪ್ರತಿ 60 ಎಕರೆ ಸಾಗುವಳಿ ಭೂಮಿಗೆ ಕಾಲು ಎಕರೆಯಂತೆ ಹೆಂಪ್ ಅಥವಾ ಅಗಸೆ ನಾರನ್ನು ಬೆಳೆಯಲೇಬೇಕಿತ್ತು, ತಪ್ಪಿದರೆ ದಂಡ. ಇದರಿಂದಲೂ ಸಾಲದೆ ಬ್ರಿಟನ್ ರಷ್ಯಾದಿಂದ ಭಾರೀ ಪ್ರಮಾಣದಲ್ಲಿ ನಾರು ತರಿಸಿಕೊಳ್ಳುತ್ತಿತ್ತು. 1853ರಲ್ಲಿ ಕ್ರಿಮಿಯಾ ಯುದ್ಧ ಆರಂಭವಾಗಿ ರಷ್ಯಾದ ನಾರು ನಿಂತಾಗ ಬ್ರಿಟಿಷರ ಕಣ್ಣು ಭಾರತದ ಮೇಲೆ ಬಿತ್ತು. ಸಸ್ಯಶಾಸ್ತ್ರಜ್ಞ ಜಾನ್ ಫೋರ್ಬ್ಸ್ ರಾಯ್ಲ್ 1855ರಲ್ಲಿ ಭಾರತದ ನಾರಿನ ಗಿಡಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಬಂಗಾಳದ ಸೆಣಬಿಗೆ ಸ್ಕಾಟ್ಲೆಂಡಿನ ಡಂಡಿಯ ಗಿರಣಿಗಳಲ್ಲಿ ಅದೃಷ್ಟ ಖುಲಾಯಿಸಿದ್ದೂ ಇದೇ ಕಾಲದಲ್ಲಿ.

ಇಷ್ಟು ಬೇಡಿಕೆಯಿದ್ದ ಬೆಳೆ ಮೂಲೆಗುಂಪಾದದ್ದು ಹೇಗೆ? ಕಾನೂನಿನ ನಿಷೇಧದಿಂದಲೇ ಎಂದು ಅನೇಕರು ಹೇಳುತ್ತಾರೆ. ಅದು ಅರ್ಧಸತ್ಯ. ಹತ್ತಿಯ ಬೀಜ ಬಿಡಿಸುವ ಯಂತ್ರ ಬಂದಮೇಲೆ ಹತ್ತಿ ಬಟ್ಟೆ ಅಗ್ಗವಾಯಿತು. ಚೀಲಕ್ಕೆ ಸೆಣಬು ಬಂತು. ಹಾಯಿಹಡಗು ಹೋಗಿ ಉಗಿಹಡಗು ಬಂತು. ಹಗ್ಗದ ಜಾಗಕ್ಕೆ ಉಕ್ಕಿನ ತಂತಿ, ಆಮೇಲೆ ನೈಲಾನ್ ಬಂದವು. ಕಾಂಡ ಕೊಳೆಯಿಸಿ ನಾರು ಬಿಡಿಸುವ ಕೈಕೆಲಸಕ್ಕೆ ಕೂಲಿ ದುಬಾರಿಯಾಯಿತು. ನಿಷೇಧ ಬರುವ ಹೊತ್ತಿಗೆ ಹೆಂಪ್ ಆಗಲೇ ಸೊರಗಿತ್ತು. ಕಾನೂನು ಅದಕ್ಕೆ ಕೊನೆಯ ಪೆಟ್ಟು ಕೊಟ್ಟಿತು.

ಅಮೆರಿಕದಲ್ಲಿ 1937ರ ತೆರಿಗೆ ಕಾಯಿದೆ ಗಾಂಜಾವನ್ನು ನಿಗ್ರಹಿಸಲು ಬಂದರೂ ಹೆಂಪ್ ಬೆಳೆಗಾರನನ್ನೂ ಹಣಿಯಿತು. ತಮಾಷೆಯೆಂದರೆ ಐದೇ ವರ್ಷಗಳಲ್ಲಿ ಸರ್ಕಾರ ತನ್ನ ಮಾತನ್ನು ತಾನೇ ನುಂಗಬೇಕಾಯಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಫಿಲಿಪ್ಪೀನ್ಸ್ ವಶಪಡಿಸಿಕೊಂಡು ಮನಿಲಾ ನಾರು ನಿಂತುಹೋದಾಗ, ಅಮೆರಿಕದ ಕೃಷಿ ಇಲಾಖೆ 1942ರಲ್ಲಿ 'ಹೆಂಪ್ ಫಾರ್ ವಿಕ್ಟರಿ' ಎಂಬ ಕಿರುಚಿತ್ರ ತಯಾರಿಸಿ, ದೇಶಕ್ಕಾಗಿ ಹೆಂಪ್ ಬೆಳೆಯಿರಿ ಎಂದು ರೈತರನ್ನು ಹುರಿದುಂಬಿಸಿತು. ಯುದ್ಧ ಮುಗಿಯಿತು, ಹೆಂಪ್ ಮತ್ತೆ ಬೇಡವಾಯಿತು.

ಗಿಡದ ತುಂಬ ಉಪಯೋಗ

ಇನ್ನು ಪರಿಸರದ ವಿಚಾರ. ನಾರಿಗಾಗಿ ಬೆಳೆಯುವ ಹೆಂಪ್ ಸುಮಾರು ನಾಲ್ಕು ತಿಂಗಳಲ್ಲಿ ಕಟಾವಿಗೆ ಬರುತ್ತದೆ. ಒತ್ತಾಗಿ ಬೆಳೆದ ಗಿಡಗಳ ನೆರಳಿನಲ್ಲಿ ಕಳೆ ತಲೆ ಎತ್ತುವುದಿಲ್ಲ. ಹೀಗಾಗಿ ಕಳೆನಾಶಕದ ಅಗತ್ಯ ಬೀಳುವುದು ಅಪರೂಪ. ಕೀಟನಾಶಕದ ಖರ್ಚೂ ಕಡಿಮೆ. ರಾಯಚೂರು, ಹಾವೇರಿ ಕಡೆಯ ಹತ್ತಿ ಬೆಳೆಗಾರರಿಗೆ ಈ ಮಾತಿನ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. ನೀರಿನ ಲೆಕ್ಕದಲ್ಲೂ ಇದು ಹತ್ತಿಗಿಂತ ಮಿತವ್ಯಯಿ. ಬೇರು ಆಳಕ್ಕಿಳಿದು ಮಣ್ಣನ್ನು ಸಡಿಲಗೊಳಿಸುವುದರಿಂದ ಯುರೋಪಿನ ರೈತರು ಇದನ್ನು ಗೋಧಿಯೊಂದಿಗೆ ಸರದಿ ಬೆಳೆಯಾಗಿ ಬಿತ್ತುತ್ತಾರೆ.

ಕಾಂಡದಲ್ಲಿ ಎರಡು ಭಾಗಗಳಿವೆ. ಹೊರಗಿನ ಸಿಪ್ಪೆಯಲ್ಲಿ ಉದ್ದನೆಯ ಗಟ್ಟಿ ನಾರು. ಇದು ತೂಕದಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ. ಉಳಿದದ್ದು ಒಳಗಿನ ಬೆಂಡು. ನಾರಿನಿಂದ ಬಟ್ಟೆ, ಹಗ್ಗ, ತೆಳುವಾದ ಗಟ್ಟಿ ಕಾಗದ ಆಗುತ್ತವೆ. ಯುರೋಪಿನ ಕಾರು ತಯಾರಕರು ಬಾಗಿಲಿನ ಒಳಹಲಗೆಗಳಿಗೆ ಪ್ಲಾಸ್ಟಿಕ್ ಜೊತೆ ಈ ನಾರನ್ನು ಬೆರೆಸುತ್ತಾರೆ.

ಒಂದು ಕಾಲಕ್ಕೆ ಎಸೆಯುತ್ತಿದ್ದ ಬೆಂಡಿಗೆ ಈಗ ಹೆಚ್ಚಿನ ಬೆಲೆ ಬಂದಿದೆ. ಬೆಂಡನ್ನು ಚೂರು ಮಾಡಿ ಸುಣ್ಣ ಮತ್ತು ನೀರಿನೊಡನೆ ಕಲಸಿ ಗೋಡೆಗೆ ತುಂಬುವ ವಿಧಾನ 1980ರ ದಶಕದ ಕೊನೆಯ ಭಾಗದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡಿತು. ಹಳೆಯ ಮರದ ಚೌಕಟ್ಟಿನ ಮನೆಗಳ ದುರಸ್ತಿಗೆ ಅಲ್ಲಿನವರು ಕಂಡುಕೊಂಡ ದಾರಿ ಅದು. ಇದಕ್ಕೆ 'ಹೆಂಪ್‌ಕ್ರೀಟ್' ಎಂದು ಹೆಸರಾಯಿತು. ಒಂದು ಘನ ಮೀಟರ್ ಸಿಮೆಂಟ್ ಕಾಂಕ್ರೀಟ್ ಸುಮಾರು 2,400 ಕಿಲೋ ತೂಗಿದರೆ ಹೆಂಪ್‌ಕ್ರೀಟ್ ಸಾಮಾನ್ಯವಾಗಿ 300ರಿಂದ 400 ಕಿಲೋ. ಅದರ ತುಂಬ ಗಾಳಿಯ ಸಂದುಗಳಿರುವುದರಿಂದ ಬಿಸಿಲು, ಚಳಿ ಒಳಗೆ ಬೇಗ ಇಳಿಯುವುದಿಲ್ಲ. ತೇವವನ್ನು ಹೀರಿಕೊಂಡು ಮತ್ತೆ ಬಿಟ್ಟುಕೊಡುತ್ತದೆ. ಬೆಂಕಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಎಲ್ಲೋರದ ಮೇಸ್ತ್ರಿಗಳು ಬಳಸಿದ ತತ್ತ್ವವನ್ನೇ ಫ್ರೆಂಚರು ಬೇರೆ ದಾರಿಯಿಂದ ಮತ್ತೆ ಕಂಡುಕೊಂಡಂತಾಯಿತು.

ಇಂಗಾಲದ ಲೆಕ್ಕವೂ ಇಲ್ಲೇ ಬರುತ್ತದೆ. ಯುರೋಪಿಯನ್ ಕಮಿಷನ್ ನೀಡುವ ಅಂದಾಜಿನಂತೆ ಒಂದು ಹೆಕ್ಟೇರ್ ಹೆಂಪ್ ಬೆಳೆ 9ರಿಂದ 15 ಟನ್‌ನಷ್ಟು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಎಳೆಯ ಕಾಡೊಂದು ಹೀರುವಷ್ಟನ್ನು ಇದು ಐದು ತಿಂಗಳಲ್ಲಿ ಮುಗಿಸುತ್ತದೆ. ಆದರೆ ಇಲ್ಲಿ ಒಂದು ಷರತ್ತಿದೆ. ಕಾಂಡವನ್ನು ಸುಟ್ಟರೆ, ಕೊಳೆಯಲು ಬಿಟ್ಟರೆ ಹೀರಿದ ಇಂಗಾಲ ಮತ್ತೆ ಗಾಳಿಗೇ ಸೇರುತ್ತದೆ. ಅದು ಗೋಡೆಯೊಳಗೆ ನೂರು ವರ್ಷ ಕೂತಾಗ ಮಾತ್ರ ಉಳಿತಾಯ.

ಬೀಜದಲ್ಲಿ ನಶೆಯ ವಸ್ತು ಇಲ್ಲವೆನ್ನುವಷ್ಟು ಕಡಿಮೆ. ಅದರಲ್ಲಿ ಮೂರನೆಯ ಒಂದು ಭಾಗದಷ್ಟು ಎಣ್ಣೆ, ನಾಲ್ಕನೆಯ ಒಂದು ಭಾಗದಷ್ಟು ಪ್ರೋಟೀನ್ ಇದೆ. ಮೀನಿನಿಂದ ದೊರೆಯುವಂಥ ಒಮೇಗಾ-3 ವರ್ಗದ ಕೊಬ್ಬಿನಾಮ್ಲವೂ ಇದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2021ರ ನವೆಂಬರ್‌ನಲ್ಲಿ ಹೆಂಪ್ ಬೀಜ, ಎಣ್ಣೆ, ಹಿಟ್ಟುಗಳನ್ನು ಆಹಾರವಾಗಿ ಮಾರಲು ಮಾನ್ಯತೆ ನೀಡಿತು.

ಹೊಗಳಿಕೆಗೂ ಒಂದು ಮಿತಿ

ಇಷ್ಟೆಲ್ಲ ಗುಣವಿರುವುದರಿಂದಲೇ ಹೆಂಪ್ ಬಗ್ಗೆ ಅತಿಶಯದ ಮಾತುಗಳೂ ಹುಟ್ಟಿಕೊಂಡಿವೆ. 'ನೀರು, ಗೊಬ್ಬರ ಬೇಡದ ಬೆಳೆ' ಎಂಬುದು ಅಂಥದ್ದೊಂದು. ಒಳ್ಳೆಯ ಇಳುವರಿ ಬೇಕಾದರೆ ಇದಕ್ಕೂ ಸಾರಜನಕ ಬೇಕು. ನೀರು ನಿಲ್ಲುವ ಗದ್ದೆ ಇದಕ್ಕೆ ಆಗದು.

ಕಾಗದದ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುವುದು ಅಮೆರಿಕದ ಕೃಷಿ ಇಲಾಖೆಯ 1916ರ ವರದಿಯನ್ನು. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಒಂದು ಎಕರೆ ಹೆಂಪ್ ನಾಲ್ಕು ಎಕರೆ ಮರಗಳಷ್ಟು ತಿರುಳು ಕೊಡಬಲ್ಲದು ಎಂದು ಅದರಲ್ಲಿ ಲೆಕ್ಕ ಹಾಕಲಾಗಿತ್ತು. ಅದು ಆ ಕಾಲದ, ಆ ದೇಶದ ಮರಗಳ ಲೆಕ್ಕ. ಬೇಗ ಬೆಳೆಯುವ ನೀಲಗಿರಿಯ ಮುಂದೆ ಅದೇ ಸಂಖ್ಯೆ ನಿಲ್ಲಲಾರದು. ಆದರೂ ದಾಂಡೇಲಿ, ಭದ್ರಾವತಿಗಳ ಕಾಗದದ ಕಾರ್ಖಾನೆಗಳಿಗೆ ಬಿದಿರು ಹೋದದ್ದನ್ನೂ, ಆಮೇಲೆ ಊರೂರಲ್ಲಿ ನೀಲಗಿರಿ ಬಂದದ್ದನ್ನೂ ಕಂಡ ರಾಜ್ಯದಲ್ಲಿ ಮರವಲ್ಲದ ನಾರಿನ ಮಾತನ್ನು ತಳ್ಳಿಹಾಕುವುದೂ ಸರಿಯಲ್ಲ.

ನಾರು ಬಿಡಿಸುವ ಕೆಲಸಕ್ಕೂ ಅದರದೇ ತೊಡಕುಗಳಿವೆ. ಕಾಂಡವನ್ನು ಹಳ್ಳ, ಕೆರೆಗಳಲ್ಲಿ ಕೊಳೆಹಾಕಿದರೆ ನೀರು ನಾರುತ್ತದೆ, ಮೀನು ಸಾಯುತ್ತದೆ. ಹೆಂಪ್ ಬೆಳೆಯಿರೆಂದು ಕಡ್ಡಾಯ ಮಾಡಿದ ಅದೇ ಎಂಟನೆಯ ಹೆನ್ರಿಯ ಕಾಲದಲ್ಲಿ, ದನಕರುಗಳು ನೀರು ಕುಡಿಯುವ ಹಳ್ಳಗಳಲ್ಲಿ ಹೆಂಪ್ ನೆನೆಹಾಕಬಾರದೆಂಬ ಕಾಯಿದೆಯೂ ಬಂತು. ಹೊಲದಲ್ಲೇ ಹರಡಿ ಇಬ್ಬನಿಯಲ್ಲಿ ಕೊಳೆಯಿಸುವುದು ಯುರೋಪಿನ ಈಗಿನ ರೂಢಿ. ಆಮೇಲೆ ನಾರು ಬಿಡಿಸಲು ಯಂತ್ರ ಬೇಕು, ಯಂತ್ರ ಹೊಲದ ಹತ್ತಿರವೇ ಇರಬೇಕು. ಬೆಂಡು ಹಗುರ, ಗಾತ್ರ ಜಾಸ್ತಿ. ದೂರ ಸಾಗಿಸಿದರೆ ಲಾರಿ ಬಾಡಿಗೆಯೇ ಲಾಭವನ್ನು ನುಂಗುತ್ತದೆ. ಹೆಂಪ್‌ಕ್ರೀಟ್ ಸಹ ಭಾರ ಹೊರುವುದಿಲ್ಲ. ಮನೆಗೆ ಮರದ ಅಥವಾ ಉಕ್ಕಿನ ಚೌಕಟ್ಟು ಬೇಕೇ ಬೇಕು.

ಅಮೆರಿಕದ ಇತ್ತೀಚಿನ ಅನುಭವ ಇನ್ನೊಂದು ಪಾಠ. 2018ರ ಕೃಷಿ ಕಾಯಿದೆಯಲ್ಲಿ ಅಲ್ಲಿ ಹೆಂಪ್ ಬೆಳೆಯನ್ನು ಮಾದಕವಸ್ತುಗಳ ಪಟ್ಟಿಯಿಂದ ಹೊರಗಿಟ್ಟರು. ರೈತರು ನಾರಿನ ಬದಲು ಔಷಧಿಯ ಎಣ್ಣೆ ತೆಗೆಯುವ ತಳಿಗಳತ್ತ ಮುಗಿಬಿದ್ದರು. ಮಾರುಕಟ್ಟೆ ತುಂಬಿ ಬೆಲೆ ಕುಸಿಯಿತು. ಕೆಲವರು ಹೆಂಪ್‌ನಿಂದಲೇ ರಾಸಾಯನಿಕ ಕ್ರಮದಲ್ಲಿ ನಶೆಯ ಪದಾರ್ಥ ತಯಾರಿಸಿ ಅಂಗಡಿಗಳಲ್ಲಿ ಮಾರತೊಡಗಿದರು. ಕೊನೆಗೆ 2025ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಹೆಂಪ್‌ನ ವ್ಯಾಖ್ಯೆಯನ್ನೇ ಬಿಗಿಗೊಳಿಸುವ ಕಾನೂನು ತಂದಿತು.

ಬೆಟ್ಟದವರ ಬೆಳೆ

ಭಾರತದಲ್ಲಿ ಹೆಂಪ್ ಹೊಸದಾಗಿ ಹೊರಗಿನಿಂದ ಬರಬೇಕಾದ ಬೆಳೆಯೇನೂ ಅಲ್ಲ. ಉತ್ತರಾಖಂಡದ ಗಢವಾಲ, ಕುಮಾವೂಂ ಬೆಟ್ಟಗಳಲ್ಲಿ ಇದು ಮನೆಯ ಅಂಗಳದಲ್ಲೇ ಬೆಳೆಯುತ್ತದೆ. ಅಲ್ಲಿನವರು ಬೀಜ ಹುರಿದು ಚಟ್ನಿ ಅರೆಯುತ್ತಾರೆ, ಕೆಸುವಿನ ಗೆಡ್ಡೆಯ ಪಲ್ಯಕ್ಕೆ ಹಾಕುತ್ತಾರೆ. ಕಾಂಡದ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು, ಚೀಲ ನೇಯುತ್ತಿದ್ದರು, 'ಭಂಗೇಲಾ' ಎಂಬ ಒರಟು ಬಟ್ಟೆ ಮಾಡಿ ಹೊದೆಯುತ್ತಿದ್ದರು. ನಾರಿಗಾಗಿಯೇ ಇದನ್ನು ಬೆಳೆಯುತ್ತಿದ್ದ 'ಪಬೀಲಾ' ಎಂಬ ಸಮುದಾಯದ ಪ್ರಸ್ತಾಪ 19ನೆಯ ಶತಮಾನದ ಬ್ರಿಟಿಷ್ ಗೆಜೆಟಿಯರ್‌ಗಳಲ್ಲಿದೆ. ಬೆಳೆದವರಿಗೆ ಸಮಾಜದಲ್ಲಿ ಗೌರವವಿರಲಿಲ್ಲ. 'ನಿನ್ನ ಮನೆಯಲ್ಲಿ ಭಂಗಿ ಬಿತ್ತಲಿ' ಎಂಬುದು ಉತ್ತರ ಭಾರತದಲ್ಲಿ ಒಂದು ದೊಡ್ಡ ಶಾಪವಾಗಿತ್ತು ಎಂದು ಆ ಕಾಲದ ದಾಖಲೆಗಳು ಹೇಳುತ್ತವೆ. ಮನೆ ಹಾಳು ಬೀಳಲಿ, ಅಂಗಳದಲ್ಲಿ ಕಾಡುಗಿಡ ಬೆಳೆಯಲಿ ಎಂದು ಅದರ ಅರ್ಥ.

ಬ್ರಿಟಿಷ್ ಸರ್ಕಾರ 1893-94ರಲ್ಲಿ ಈ ಗಿಡದ ಬಗ್ಗೆ ಒಂದು ಆಯೋಗವನ್ನೇ ನೇಮಿಸಿತ್ತು. ಊರೂರು ಸುತ್ತಿ ಸಾಕ್ಷ್ಯ ಕಲೆಹಾಕಿದ ಆಯೋಗ, ಸಂಪೂರ್ಣ ನಿಷೇಧದ ಅಗತ್ಯವಿಲ್ಲ ಎಂದು ಅಭಿಪ್ರಾಯಪಟ್ಟಿತು. ಸ್ವತಂತ್ರ ಭಾರತದಲ್ಲಿ 1985ರಲ್ಲಿ ಮಾದಕದ್ರವ್ಯ ಕಾಯಿದೆ ಬಂತು. ಕಾಯಿದೆಯನ್ನು ಸರಿಯಾಗಿ ಓದಿದರೆ ಅದು ಗಿಡವನ್ನು ಸಾರಾಸಗಟಾಗಿ ದೂರವಿಟ್ಟಿಲ್ಲ. ಗಾಂಜಾ ಎಂದರೆ ಹೂಗೊಂಚಲು. ಗೊಂಚಲಿನ ಜೊತೆ ಸೇರದ ಬೀಜ, ಎಲೆ ಗಾಂಜಾ ಅಲ್ಲ. ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಅರ್ಜಿಯೊಂದನ್ನು ವಿಚಾರಣೆಗೆ ಎತ್ತಿಕೊಂಡಾಗ, ಭಂಗಿಯನ್ನು ಈ ಕಾಯಿದೆ ಎಲ್ಲಿಯೂ ಹೆಸರಿಸಿಲ್ಲ ಎಂಬುದನ್ನು ಗಮನಕ್ಕೆ ತೆಗೆದುಕೊಂಡಿತು. ಕಾಯಿದೆಯ 14ನೆಯ ಕಲಮಿನಡಿ ನಾರು ಮತ್ತು ಬೀಜಕ್ಕಾಗಿ ಈ ಬೆಳೆ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು. 1961ರ ಅಂತರರಾಷ್ಟ್ರೀಯ ಒಪ್ಪಂದವೂ ಕೈಗಾರಿಕೆಗಾಗಿ ಬೆಳೆಯುವ ಗಿಡವನ್ನು ತನ್ನ ನಿರ್ಬಂಧದಿಂದ ಹೊರಗಿಟ್ಟಿತ್ತು.

ಬಾಗಿಲು ಇದ್ದರೂ ಅದನ್ನು ತೆರೆಯಲು ಮೂರು ದಶಕ ಬೇಕಾಯಿತು. 2018ರಲ್ಲಿ ಉತ್ತರಾಖಂಡ ಸರ್ಕಾರ ಪೌಡಿ ಗಢವಾಲ ಜಿಲ್ಲೆಯಲ್ಲಿ ಪ್ರಾಯೋಗಿಕ ಬೇಸಾಯಕ್ಕೆ ಪರವಾನಗಿ ನೀಡಿತು. ದೇಶದಲ್ಲಿ ಈ ಹೆಜ್ಜೆ ಇಟ್ಟ ಮೊದಲ ರಾಜ್ಯ ಅದು. ನೆರೆಯ ಹಿಮಾಚಲ ಪ್ರದೇಶದ ವಿಧಾನಸಭೆ 2024ರಲ್ಲಿ ಇಂಥ ಬೇಸಾಯದ ಪರವಾದ ಸಮಿತಿಯ ವರದಿಯನ್ನು ಅಂಗೀಕರಿಸಿತು.

ಪೌಡಿಯನ್ನೇ ಆರಿಸಿದ್ದಕ್ಕೆ ಅರ್ಥವಿದೆ. 2001 ಮತ್ತು 2011ರ ಜನಗಣತಿಗಳ ನಡುವೆ ಜನಸಂಖ್ಯೆ ಕುಗ್ಗಿದ ಜಿಲ್ಲೆ ಅದು. ದುಡಿಯುವ ವಯಸ್ಸಿನವರು ಡೆಹರಾಡೂನ್, ದೆಹಲಿಗಳಿಗೆ ಇಳಿದುಹೋಗಿದ್ದಾರೆ. ರಾಜ್ಯದ ವಲಸೆ ಆಯೋಗ 2018ರಲ್ಲಿ ಕೊಟ್ಟ ವರದಿಯ ಪ್ರಕಾರ, 2011ರ ನಂತರ ಉತ್ತರಾಖಂಡದಲ್ಲಿ 734 ಊರುಗಳು ಸಂಪೂರ್ಣ ಬರಿದಾಗಿವೆ. ಬಿತ್ತಿದ್ದನ್ನು ಕೋತಿ, ಕಾಡುಹಂದಿಗಳು ಉಳಿಸದಿರುವುದೂ ಜನ ಊರು ಬಿಡಲು ಒಂದು ಕಾರಣ. ಮಲೆನಾಡಿನ ರೈತರಿಗೆ ಇದು ಗೊತ್ತಿರುವ ಸಂಕಟವೇ. ಈ ಪ್ರಾಣಿಗಳು ಭಂಗಿ ಗಿಡದ ತಂಟೆಗೆ ಸಾಮಾನ್ಯವಾಗಿ ಬರುವುದಿಲ್ಲ ಎನ್ನುತ್ತಾರೆ ಅಲ್ಲಿನ ಬೆಳೆಗಾರರು. ಹಳೆಯ ಶಾಪ ನಿಜವಾಗಿ, ಹಾಳುಬಿದ್ದ ಮನೆಯಂಗಳಗಳಲ್ಲಿ ಈಗ ಭಂಗಿ ಬೆಳೆಯುತ್ತಿದೆ. ಅದೇ ಗಿಡ ಬಿಟ್ಟುಹೋದವರನ್ನು ಊರಿಗೆ ಕರೆತರಬಲ್ಲದೇ ಎಂಬುದೇ ಅಲ್ಲಿನ ಪ್ರಶ್ನೆ.

0.3 ಎಂಬ ಗೆರೆ

ಈ ಪ್ರಶ್ನೆಗೆ ಉತ್ತರ ನಿಂತಿರುವುದು ಒಂದು ಚಿಕ್ಕ ಸಂಖ್ಯೆಯ ಮೇಲೆ. ನಶೆಯ ವಸ್ತುವಾದ ಟಿಎಚ್‌ಸಿಯನ್ನು ಇಸ್ರೇಲಿನ ರಫಾಯೆಲ್ ಮೆಶುಲಾಂ ಮತ್ತು ಯೆಹಿಯೆಲ್ ಗಾವೋನಿ ಶುದ್ಧರೂಪದಲ್ಲಿ ಬೇರ್ಪಡಿಸಿದ್ದು 1964ರಲ್ಲಿ. ಅದಕ್ಕೆ ಮೊದಲಿನ ಕಾನೂನುಗಳಿಗೆ ಅಳತೆಗೋಲೇ ಇರಲಿಲ್ಲ. ನಾರಿನ ಗಿಡವನ್ನೂ ನಶೆಯ ಗಿಡವನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. 1976ರಲ್ಲಿ ಕೆನಡಾದ ಸಸ್ಯಶಾಸ್ತ್ರಜ್ಞ ಅರ್ನೆಸ್ಟ್ ಸ್ಮಾಲ್, ಅಮೆರಿಕದ ಆರ್ಥರ್ ಕ್ರಾಂಕ್ವಿಸ್ಟ್ ಜೊತೆಗೂಡಿ ಈ ಗಿಡದ ವರ್ಗೀಕರಣ ಮಾಡುವಾಗ ಶೇಕಡ 0.3ರ ಗೆರೆ ಎಳೆದರು. ವರ್ಗೀಕರಣದ ಅನುಕೂಲಕ್ಕಾಗಿ ಹಾಕಿಕೊಂಡ ಗುರುತು ಅದು. ಗೆರೆಯ ಈಚೆಗಿದ್ದರೆ ನಶೆಯಿಲ್ಲ, ಆಚೆಗಿದ್ದರೆ ನಶೆ ಎಂದೇನೂ ಅದರ ಅರ್ಥವಲ್ಲ. ಆದರೆ ಮುಂದೆ ದೇಶ ದೇಶಗಳ ಕಾನೂನುಗಳು ಅದನ್ನೇ ಎತ್ತಿಕೊಂಡವು. ಕೆನಡಾ, ಅಮೆರಿಕ ಅದನ್ನು ಒಪ್ಪಿದವು. ಉತ್ತರಾಖಂಡವೂ ಅದನ್ನೇ ಒಪ್ಪಿತು.

ತೊಡಕು ಹುಟ್ಟಿದ್ದು ಇಲ್ಲೇ. ಬೆಟ್ಟದ ಜನ ತಲೆತಲಾಂತರದಿಂದ ಬೀಜ ಕಾಪಾಡಿಕೊಂಡು ಬಂದ ನಾಟಿ ತಳಿಗಳಲ್ಲಿ ಟಿಎಚ್‌ಸಿ ಪ್ರಮಾಣ ಅನೇಕ ವೇಳೆ ಈ ಗೆರೆಯನ್ನು ದಾಟುತ್ತದೆ. ಚಟ್ನಿಗೆ, ಹಗ್ಗಕ್ಕೆ ಬೆಳೆದ ಗಿಡ ಪರೀಕ್ಷೆಯಲ್ಲಿ ನಪಾಸಾಗುತ್ತದೆ. ಪರವಾನಗಿ ಪಡೆದವನ ಬೆಳೆಯೂ ಕಟಾವಿನ ಹೊತ್ತಿಗೆ ಗೆರೆ ದಾಟಿದರೆ ನಾಶವಾಗಬೇಕಾಗುತ್ತದೆ. ಹಾಗಾದರೆ ಗೆರೆಯೊಳಗಿನ ಬೀಜವನ್ನು ಯುರೋಪಿನಿಂದ ತರಬಾರದೇ ಎಂದರೆ ಅದಕ್ಕೆ ಪ್ರಕೃತಿಯೇ ಅಡ್ಡ ಬರುತ್ತದೆ. ಹೆಂಪ್ ಹಗಲಿನ ಉದ್ದ ಕಡಿಮೆಯಾದಾಗ ಹೂಬಿಡುವ ಗಿಡ. ಬೇಸಿಗೆಯಲ್ಲಿ ಹದಿನಾರು ಗಂಟೆ ಹಗಲಿರುವ ಫ್ರಾನ್ಸಿನ ತಳಿಯನ್ನು ಭಾರತಕ್ಕೆ ತಂದು ಬಿತ್ತಿದರೆ, ಹಗಲು ಗಿಡ್ಡವೆಂದು ಭಾವಿಸಿ ಗಿಡ ಎತ್ತರಕ್ಕೆ ಬೆಳೆಯುವ ಮೊದಲೇ ಹೂಬಿಡುತ್ತದೆ. ಹೂಬಿಟ್ಟ ಮೇಲೆ ಕಾಂಡ ಬೆಳೆಯುವುದು ನಿಂತಂತೆಯೇ. ಕರ್ನಾಟಕದಂಥ ಇನ್ನೂ ದಕ್ಷಿಣದ ನೆಲದಲ್ಲಿ ಈ ಸಮಸ್ಯೆ ಇನ್ನೂ ಹೆಚ್ಚು. ಹೆಂಪ್ ಬೆಳೆದರೆ ಕೈತುಂಬ ಹಣ ಎಂಬ ಜಾಹೀರಾತಿನ ಮಾತು ಕೇಳಿ ಮರುಳಾಗುವ ಮೊದಲು ಇಲ್ಲಿನ ರೈತರು ಈ ಅಂಶವನ್ನು ನೆನಪಿಡಬೇಕು. ಪರವಾನಗಿಯಿಲ್ಲದೆ ಬಿತ್ತಿದರೆ ಜೈಲು ಎಂಬುದನ್ನೂ ಮರೆಯಬಾರದು.

ಆದ್ದರಿಂದ ಆಗಬೇಕಾದ ಕೆಲಸ ಬೀಜದಿಂದ ಆರಂಭವಾಗಬೇಕು. 2012ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಮಾದಕದ್ರವ್ಯ ನೀತಿಯಲ್ಲೇ ನಶೆ ಕಡಿಮೆಯಿರುವ ತಳಿಗಳ ಸಂಶೋಧನೆಗೆ ಪ್ರೋತ್ಸಾಹ ಕೊಡುವ ಮಾತಿದೆ. ಬೆಟ್ಟದ ನಾಟಿ ತಳಿಗಳಲ್ಲೇ ಆಯ್ಕೆ ಮಾಡುತ್ತ ಹೋದರೆ ಈ ನೆಲದ ಬಿಸಿಲು, ಹಗಲುಗಳಿಗೆ ಒಗ್ಗಿದ ನಾರಿನ ತಳಿ ದೊರೆಯುವುದು ಅಸಾಧ್ಯವೇನಲ್ಲ. ಯುರೋಪಿನವರು ತಮ್ಮ ತಳಿಗಳನ್ನು ಪಡೆದದ್ದೂ ಹೀಗೆಯೇ. ಆ ಕೆಲಸ ಸರ್ಕಾರಿ ಸಂಶೋಧನಾ ಕೇಂದ್ರಗಳಲ್ಲಿ ನಡೆದು ಬೀಜ ರೈತರ ಕೈಗೆ ಬರುತ್ತದೆಯೋ, ಇಲ್ಲವೇ ಬೀಜದ ಒಡೆತನ ಕೆಲವು ಕಂಪನಿಗಳ ಪಾಲಾಗಿ, ಮೂಲ ತಳಿ ಕಾಪಾಡಿಕೊಂಡು ಬಂದವರು ಕೂಲಿಯಾಳುಗಳಾಗಿ ಉಳಿಯುತ್ತಾರೋ ಎಂಬುದರ ಮೇಲೆ ಎಲ್ಲವೂ ಅವಲಂಬಿಸಿದೆ. ಹತ್ತಿ ಬೀಜದ ವಿಷಯದಲ್ಲಿ ಏನಾಯಿತೆಂಬುದು ನಮ್ಮ ರೈತರಿಗೆ ತಿಳಿದೇ ಇದೆ.

ಹೆಂಪ್ ಜಗತ್ತನ್ನು ಉದ್ಧರಿಸುವ ಮಾಯಾಗಿಡವೇನಲ್ಲ. ಸರಿಯಾದ ನೆಲದಲ್ಲಿ, ಸರಿಯಾದ ಬೀಜದಿಂದ, ಹತ್ತಿರದಲ್ಲೊಂದು ಯಂತ್ರವಿದ್ದು ಬೆಳೆದರೆ ಲಾಭ ಕೊಡುವ, ನೆಲಕ್ಕೆ ಹೆಚ್ಚು ಹೊರೆಯಾಗದ ಒಂದು ಬೆಳೆ. ಅಷ್ಟನ್ನು ಒಪ್ಪಿಕೊಂಡು ಅದಕ್ಕೊಂದು ನ್ಯಾಯವಾದ ಅವಕಾಶ ಕೊಟ್ಟರೂ ಸಾಕು. ಗಾಂಜಾದ ಅಮಲು ಎಷ್ಟು ಹೊತ್ತಿನದೆಂಬುದು ಎಲ್ಲರಿಗೂ ಗೊತ್ತು; ಅದೇ ಗಿಡದ ನಾರು ಬೆರೆತ ಗಾರೆ ಎಲ್ಲೋರದ ಗೋಡೆಯ ಮೇಲೆ ಇಂದಿಗೂ ಗಟ್ಟಿಯಾಗಿ ಕೂತಿದೆ.